ಹುಡುಕಾಟದ ಪೆಟ್ಟಿಗೆಯಲ್ಲಿ ಯಾರು ಏನು ಬೇಕಾದರೂ ಬರೆಯಲಿ

ಕಲಬುರಗಿಯ ಗಂಜ್‌ನಲ್ಲಿ ತೊಗರಿ ವ್ಯಾಪಾರ ಮಾಡುವ ಒಂದು ಅಡತ್ ಅಂಗಡಿಯ ಸಾಫ್ಟ್‌ವೇರ್ ನಾನು ನೋಡಿಕೊಳ್ಳುತ್ತೇನೆ. ಅದರಲ್ಲಿ ಜಾಸ್ತಿ ಬಳಕೆಯಾಗುವುದು ಆವಕ ಹುಡುಕುವ ಪುಟ. ರೈತರ ಹೆಸರು, ಊರು, ತಾಲೂಕು, ತಳಿ, ಲಾಟ್ ನಂಬರ್, ದಿನಾಂಕ, ಚೀಲ, ತೇವಾಂಶ, ದರ, ಬಾಕಿ. ಹತ್ತು ಪೆಟ್ಟಿಗೆ. ಯಾವುದನ್ನು ಬೇಕಾದರೂ ತುಂಬಬಹುದು, ಯಾವುದನ್ನು ಬೇಕಾದರೂ ಖಾಲಿ ಬಿಡಬಹುದು. ಲೆಕ್ಕ ಹಾಕಿದರೆ 1024 ಜೋಡಣೆ ಆಗುತ್ತದೆ. ಅಷ್ಟು ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ, ಮೊದಲೇ ಬರೆದಿಡಲು ಆಗುತ್ತಾ? ಬಳಕೆದಾರರು ಕೇಳಿದ್ದನ್ನು ನೋಡಿ ಆ ಹೊತ್ತಿಗೆ ಕ್ವೆರಿ ಕಟ್ಟಲೇಬೇಕು.

ಆ ಕೆಲಸ ನನ್ನ ಕೈಗೆ ಬಂದಾಗ ಹಳೆಯ ಕೋಡ್ ಬಳಕೆದಾರರು ಹೊಡೆದದ್ದನ್ನು ನೇರ ಕ್ವೆರಿಗೆ ಅಂಟಿಸುತ್ತಿತ್ತು. ಕೋಡನ್ನೂ ಕನ್ನಡ ಅಕ್ಷರದಲ್ಲೇ ಕೊಡುತ್ತೇನೆ, ಓದಿದರೆ ಗೊತ್ತಾಗುತ್ತದೆ:

"ಸೆಲೆಕ್ಟ್ * ಫ್ರಮ್ ಆವಕ ವೇರ್ ಲಾಟ್ = '" + ಲಾಟ್ + "'"

ಇದರ ಬಂಡವಾಳ ಬಯಲು ಮಾಡಿದ್ದು ಯಾವ ಹ್ಯಾಕರ್ ಕೂಡ ಅಲ್ಲ, ಅಂಗಡಿಯ ಮುನೀಮರು. "ಸರ, ಲಾಟ್ ನಂಬರ್ ಹೊಡದ್ರ ಏನೋ ಕೆಂಪಗ ಬರ್ಲಕತ್ತದ ನೋಡ್ರಿ" ಅಂತ ಫೋನ್ ಮಾಡಿದರು. ಹೋಗಿ ನೋಡಿದರೆ ಅವರು ಹೊಡೆಯುತ್ತಿದ್ದದ್ದು '00452 ಅಂತ. ಎಕ್ಸೆಲ್‌ನಲ್ಲಿ ಮುಂದಿನ ಸೊನ್ನೆಗಳು ಹಾರಿಹೋಗಬಾರದು ಎಂದರೆ ಮೊದಲು ಒಂದು ಸಿಂಗಲ್ ಕೋಟ್ ಹಾಕಬೇಕಲ್ಲ, ಆ ರೂಢಿ. ಅವರದ್ದೇನೂ ತಪ್ಪಿಲ್ಲ. ಆದರೆ ಆ ಕೋಟ್ ಕ್ವೆರಿಯೊಳಗೆ ಹೋಗಿ, ಅಲ್ಲಿ ತೆರೆದಿದ್ದ ಕೋಟನ್ನು ಮುಚ್ಚಿಬಿಡುತ್ತಿತ್ತು. ಉಳಿದ ಸಂಖ್ಯೆಯನ್ನು ಡೇಟಾಬೇಸ್ ಆಜ್ಞೆ ಎಂದೇ ಓದಿ ತಕರಾರು ತೆಗೆಯುತ್ತಿತ್ತು.

ಮುನೀಮರ ಜಾಗದಲ್ಲಿ ಕಿಡಿಗೇಡಿ ಇದ್ದು, ಎಕ್ಸ್' ಆರ್ '1'='1 ಎಂದು ಹೊಡೆದಿದ್ದರೆ? ಆರ್ ಅಂದರೆ "ಅಥವಾ", 1 ಯಾವಾಗಲೂ 1ಕ್ಕೆ ಸಮ, ಹಾಗಾಗಿ ಎಲ್ಲ ರೈತರ ಎಲ್ಲ ಸಾಲುಗಳೂ ಬಂದು ಬೀಳುತ್ತಿದ್ದವು. ಇಂಜೆಕ್ಷನ್ ಎನ್ನುವ ಈ ಕಾಯಿಲೆ ಹೊಸದಲ್ಲ. 1998ರ ಡಿಸೆಂಬರ್‌ನಲ್ಲಿ ಹ್ಯಾಕರ್‌ಗಳ ಫ್ರ್ಯಾಕ್ ಪತ್ರಿಕೆಯ 54ನೇ ಸಂಚಿಕೆಯಲ್ಲೇ ಇದರ ವಿವರ ಬಂದಿತ್ತು. ವೆಬ್ ಸುರಕ್ಷತೆಯ ಓವಾಸ್ಪ್ ಸಂಸ್ಥೆ ಮಾಡುವ ಅಪಾಯಗಳ ಪಟ್ಟಿಯಲ್ಲಿ 2010, 2013, 2017 ಮೂರೂ ಸಲ ಇಂಜೆಕ್ಷನ್ನೇ ಮೊದಲು. 2021ರಲ್ಲಿ ಮೂರಕ್ಕೆ ಇಳಿಯಿತು, ಅಷ್ಟೇ.

ಕೋಟ್ ಇದ್ದರೆ ಕಿತ್ತುಹಾಕಿದರೆ ಆಯ್ತಲ್ವಾ ಎನ್ನುವವರು ಸಿಗುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಒಂದು, ಹೆಸರಿನಲ್ಲೇ ಕೋಟ್ ಇರುವವರು ಇದ್ದಾರೆ, ಅವರು ಎಂದೂ ಸಿಗುವುದಿಲ್ಲ. ಎರಡು, ಸಂಖ್ಯೆಯ ಪೆಟ್ಟಿಗೆಗೆ ಕೋಟೇ ಬೇಡ. "ಚೀಲ > " ಮುಂದೆ 1 ಆರ್ 1=1 ಅಂತ ಅಂಟಿಸಿದರೆ ಕೆಲಸ ಮುಗಿಯಿತು.

ನಾನು ಮಾಡಿದ್ದು ಇಷ್ಟು. ಕ್ವೆರಿಯ ಪ್ರತಿ ಅಕ್ಷರವೂ ನಾನು ಬರೆದದ್ದೇ ಆಗಿರಬೇಕು. ಬಳಕೆದಾರರು ಬರೆದದ್ದು ಅದರೊಳಗೆ ಸೇರಲೇಬಾರದು, ಪಕ್ಕದಲ್ಲಿ ಬೇರೆಯಾಗಿ ಹೋಗಬೇಕು. ಅಡತ್ ಅಂಗಡಿಯವರು ರೈತರಿಗೆ ಕೊಡುವ ಪಟ್ಟಿ ನೋಡಿ. ಅಚ್ಚಾದ ಸಾಲುಗಳು, ನಡುವೆ ಖಾಲಿ ಜಾಗ. ಹೆಸರಿನ ಜಾಗದಲ್ಲಿ "ಹಮಾಲಿ ಮಾಫ್" ಅಂತ ಬರೆದರೂ ಹಮಾಲಿ ಮಾಫ್ ಆಗುವುದಿಲ್ಲ, ಆ ಹೆಸರಿನ ರೈತ ಅಂತಾಗುತ್ತದೆ. ಪ್ಲೇಸ್‌ಹೋಲ್ಡರ್ ಅಂದರೆ ಆ ಖಾಲಿ ಜಾಗ. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್ ಮೊದಲು ಕ್ವೆರಿಯ ಪಠ್ಯವನ್ನು ಓದಿ ಅರ್ಥ ಮಾಡಿಕೊಳ್ಳುತ್ತದೆ. ಮೌಲ್ಯ ಆಮೇಲೆ ತುಂಬುವುದರಿಂದ ಅದರಲ್ಲಿ ಏನಿದ್ದರೂ ಅದು ಬರೀ ಮೌಲ್ಯ. ಖಾಲಿ ಜಾಗದ ಗುರುತು ಡ್ರೈವರ್‌ನಿಂದ (ಕೋಡನ್ನು ಡೇಟಾಬೇಸ್‌ಗೆ ಜೋಡಿಸುವ ತುಣುಕು) ಡ್ರೈವರ್‌ಗೆ ಬೇರೆ. ಇಲ್ಲಿ ನಾನು ಪ್ರಶ್ನೆ ಚಿಹ್ನೆ ಹಾಕುತ್ತೇನೆ.

ಷರತ್ತು = []
ಮೌಲ್ಯ = []
ಇಫ್ ಲಾಟ್ ಈಸ್ ನಾಟ್ ನನ್:
    ಷರತ್ತು.ಅಪೆಂಡ್("ಲಾಟ್ = ?")
    ಮೌಲ್ಯ.ಅಪೆಂಡ್(ಲಾಟ್)

ಹೀಗೆ ಎರಡು ಲಿಸ್ಟ್. ಒಂದಕ್ಕೆ ನನ್ನ ಮಾತು, ಇನ್ನೊಂದಕ್ಕೆ ಅವರ ಮಾತು. ಎರಡಕ್ಕೂ ಒಟ್ಟೊಟ್ಟಿಗೇ ಸೇರಿಸುತ್ತಾ ಹೋಗುವುದು. ಕೊನೆಗೆ ಷರತ್ತುಗಳನ್ನೆಲ್ಲ ಆಂಡ್ ಹಾಕಿ ಜೋಡಿಸುವುದು, ಒಂದೂ ಇಲ್ಲದಿದ್ದರೆ ವೇರ್ ಬಿಟ್ಟುಬಿಡುವುದು. "ಇಫ್ ಲಾಟ್" ಎಂದಷ್ಟೇ ಬರೆಯದೆ "ಈಸ್ ನಾಟ್ ನನ್" (ಖಾಲಿ ಬಿಟ್ಟಿಲ್ಲದಿದ್ದರೆ) ಎಂದು ಬರೆದದ್ದಕ್ಕೆ ಕಾರಣವಿದೆ. ಬಾಕಿ 0 ಇರುವವರನ್ನು ಹುಡುಕಿದರೆ, ನಾನು ಬಳಸುವ ಪೈಥಾನ್ ಭಾಷೆ ಆ ಸೊನ್ನೆಯನ್ನು ಇಲ್ಲ ಎಂದು ತಿಳಿಯುತ್ತದೆ. ಷರತ್ತೇ ಸೇರುವುದಿಲ್ಲ, ಬಾಕಿ ಇರುವವರೂ ಇಲ್ಲದವರೂ ಒಟ್ಟಿಗೆ ಬರುತ್ತಾರೆ. ಎರರ್ ಕೂಡ ಬರುವುದಿಲ್ಲ.

ಇದಿಷ್ಟು ಸುಲಭದ ಭಾಗ. ತಲೆನೋವು ಶುರುವಾಗುವುದು ಮೌಲ್ಯವಲ್ಲದ ಜಾಗಗಳಲ್ಲಿ.

ತಾಲೂಕು ನೋಡಿ. ಊರಿನ ಹೆಸರು ಸರಕಾರಿಯಾಗಿ ಕಲಬುರಗಿ ಆದದ್ದು 2014ರ ನವೆಂಬರ್ 1ಕ್ಕೆ. ಹಳೆಯ ದಾಖಲೆಗಳಲ್ಲಿ ಗುಲ್ಬರ್ಗಾ, ಗುಲಬರ್ಗಾ, ಕಲಬುರ್ಗಿ ಎಲ್ಲವೂ ಇವೆ. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದು ಕೂಡ ಗುಲ್ಬರ್ಗಾ ಹೆಸರಿನಲ್ಲೇ, ಹಾಗಾಗಿ ಹಳೆಯ ಹೆಸರು ಸುಲಭಕ್ಕೆ ಹೋಗುವಂಥದ್ದಲ್ಲ. ಅವರು ಒಂದು ತಾಲೂಕು ಆರಿಸಿದರೂ ನಾನು ಹಲವು ಮೌಲ್ಯ ಕಳಿಸಬೇಕು. "ಇನ್ (?, ?, ?)" ಎಂದು ಮೌಲ್ಯಗಳು ಎಷ್ಟೋ ಅಷ್ಟು ಪ್ರಶ್ನೆ ಚಿಹ್ನೆ ಮಾಡಬಹುದು. ಆದರೆ ಲಿಸ್ಟ್ ಖಾಲಿಯಾದರೆ "ಇನ್ ()" ಆಗಿ ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ. ಪ್ರಶ್ನೆ ಚಿಹ್ನೆ ಎಷ್ಟಿರಬಹುದು ಎಂಬುದಕ್ಕೆ ಡೇಟಾಬೇಸ್‌ಗೊಂದು ಮಿತಿ ಬೇರೆ: ಎಸ್‌ಕ್ಯೂಎಲ್ ಸರ್ವರ್‌ಗೆ 2100, ಹಳೆಯ ಎಸ್‌ಕ್ಯೂಲೈಟ್‌ಗೆ 999. ನಾನು "ತಾಲೂಕು = ಎನಿ(?)" ಎಂದು ಬರೆದು ಇಡೀ ಲಿಸ್ಟನ್ನು ಒಂದೇ ಅರೇ (ಮೌಲ್ಯಗಳ ಕಟ್ಟು) ಆಗಿ ಕಳಿಸುತ್ತೇನೆ. ಅರೇ ಖಾಲಿ ಇದ್ದರೆ ಯಾವ ಸಾಲೂ ಬರುವುದಿಲ್ಲ, ಅದೇ ಸರಿ.

ಹೆಸರಿನ ಹುಡುಕಾಟಕ್ಕೆ ಲೈಕ್ ಬೇಕು, ಹೆಸರಿನ ತುಣುಕು ಕೊಟ್ಟರೂ ಹುಡುಕುವ ಆಜ್ಞೆ ಅದು; ಅದಕ್ಕೆ % ಅಂದರೆ "ಏನಾದರೂ ಇರಲಿ". ಕ್ವೆರಿಯಲ್ಲಿ '%?%' ಎಂದು ಬರೆದರೆ ಕೋಟ್ ಒಳಗಿನ ಪ್ರಶ್ನೆ ಚಿಹ್ನೆ ಖಾಲಿ ಜಾಗ ಆಗುವುದಿಲ್ಲ, ಬರೀ ಅಕ್ಷರ ಆಗುತ್ತದೆ. "ಹೆಸರು ಲೈಕ್ ?" ಎಂದು ಬರೆದು, ಶೇಕಡಾ ಚಿಹ್ನೆಗಳನ್ನು ಮೌಲ್ಯದ ಎರಡೂ ಕಡೆ ಸೇರಿಸಬೇಕು. ಅದಕ್ಕೂ ಮೊದಲು ಅವರೇ ಹೊಡೆದ % ಮತ್ತು _ ಚಿಹ್ನೆಗಳ ಎಡಗಡೆ ಬ್ಯಾಕ್‌ಸ್ಲ್ಯಾಶ್ ಹಾಕಬೇಕು, ಅದಕ್ಕೂ ಮೊದಲು ಅವರು ಹೊಡೆದ ಬ್ಯಾಕ್‌ಸ್ಲ್ಯಾಶ್‌ಗೇ ಇನ್ನೊಂದು. ನಮ್ಮಲ್ಲಿ ತಳಿಯನ್ನು ಟಿಎಸ್_3ಆರ್ ಎಂದು ಬರೆಯುವವರಿದ್ದಾರೆ. ಅಂಡರ್‌ಸ್ಕೋರ್ ಲೈಕ್‌ಗೆ "ಯಾವುದಾದರೂ ಒಂದು ಅಕ್ಷರ", ಆಗ ಟಿಎಸ್-3ಆರ್ ಕೂಡ ಬರುತ್ತದೆ. ಇದರಿಂದ ಕಳ್ಳತನವೇನೂ ಆಗುವುದಿಲ್ಲ, ಆದರೆ ಲೆಕ್ಕ ತಪ್ಪುತ್ತದೆ.

ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಸಾಲುಗಳ ಕ್ರಮ ಹೇಳುವ ಆರ್ಡರ್ ಬೈ ಹತ್ತಿರ. ಕಾಲಮ್ ತಲೆಯ ಮೇಲೆ ಒತ್ತಿದರೆ ಅದರ ಪ್ರಕಾರ ಸಾಲು ಜೋಡಿಸಬೇಕು ಅಂತ ಎಲ್ಲರೂ ಕೇಳುತ್ತಾರೆ. ಕಾಲಮ್ ಹೆಸರು ಮೌಲ್ಯವಲ್ಲ, ಅದಕ್ಕೆ ಪ್ಲೇಸ್‌ಹೋಲ್ಡರ್ ನಡೆಯುವುದಿಲ್ಲ. "ಆರ್ಡರ್ ಬೈ ?" ಎಂದು ಬರೆದು "ದರ" ಕಳಿಸಿದರೆ ಡೇಟಾಬೇಸ್‌ಗೆ ಅದು ಕಾಲಮ್ ಅಲ್ಲ, ಬರೀ ಪದ. ಎಲ್ಲ ಸಾಲಿಗೂ ಒಂದೇ ಪದ, ಏನನ್ನು ಜೋಡಿಸುತ್ತದೆ? ಇಲ್ಲಿ ಬೇಸತ್ತು ಜನ ಮತ್ತೆ + ಹಾಕಿ ಅಂಟಿಸುತ್ತಾರೆ. ಉಳಿದದ್ದೆಲ್ಲ ಚೊಕ್ಕವಾಗಿ ಬರೆದು ಹಿಂದಿನ ಬಾಗಿಲು ತೆರೆದಿಟ್ಟ ಹಾಗೆ.

ನಾನು ಒಂದು ಡಿಕ್ಷನರಿ ಇಟ್ಟೆ:

ಜೋಡಣೆ = {"ದರ": "ಆವಕ.ದರ_ಕ್ವಿಂಟಲ್", "ದಿನ": "ಆವಕ.ದಿನಾಂಕ", "ಹೆಸರು": "ರೈತ.ಹೆಸರು"}

ಬ್ರೌಸರ್ ಕಳಿಸಿದ ಪದ ಕ್ವೆರಿಗೆ ಹೋಗುವುದಿಲ್ಲ. ಆ ಪದ ಹಿಡಿದು ಡಿಕ್ಷನರಿಯಲ್ಲಿ ಹುಡುಕುತ್ತೇನೆ, ಅಲ್ಲಿ ನಾನೇ ಬರೆದಿಟ್ಟದ್ದು ಹೋಗುತ್ತದೆ. ಪದ ಇಲ್ಲವೇ? ದಿನಾಂಕದ ಪ್ರಕಾರ ಜೋಡಿಸಿದರಾಯ್ತು. ಏರಿಕೆ ಇಳಿಕೆಗೂ, "ಹೆಚ್ಚು", "ಕಡಿಮೆ" ಎನ್ನುವ ಚಿಹ್ನೆಗಳಿಗೂ ಇದೇ ಏರ್ಪಾಡು. ಡ್ರಾಪ್‌ಡೌನ್ ಇದೆಯಲ್ಲ, ಬೇರೆ ಏನು ಬರಲು ಸಾಧ್ಯ ಅಂತ ಕೇಳಬೇಡಿ. ಡ್ರಾಪ್‌ಡೌನ್ ಇರುವುದು ಅವರ ಬ್ರೌಸರ್‌ನಲ್ಲಿ, ಅಲ್ಲಿಂದ ಹೊರಡುವ ರಿಕ್ವೆಸ್ಟ್‌ನಲ್ಲಿ ಏನು ಬೇಕಾದರೂ ಬರೆಯಬಹುದು.

ಪೈಥಾನ್‌ನಿಂದ ಪೋಸ್ಟ್‌ಗ್ರೆಸ್ ಬಳಸಲು ಇರುವ ಸೈಕಾಪ್‌ಜಿ ಲೈಬ್ರರಿಯಲ್ಲಿ ಕಾಲಮ್ ಹೆಸರಿಗೆ ಸರಿಯಾಗಿ ಕೋಟ್ ಹಾಕಿಕೊಡುವ ಐಡೆಂಟಿಫೈಯರ್ ಎನ್ನುವುದೂ ಇದೆ. ಇಂಜೆಕ್ಷನ್ ತಡೆಯಲು ಅದು ಸಾಕು. ಆದರೂ ನನಗೆ ಡಿಕ್ಷನರಿಯೇ ವಾಸಿ ಅನ್ನಿಸುತ್ತದೆ. ರೈತರ ಬ್ಯಾಂಕ್ ಖಾತೆ ಸಂಖ್ಯೆ ಪರದೆಯಲ್ಲಿ ಕಾಣಿಸದೇ ಇರಬಹುದು, ಟೇಬಲ್‌ನಲ್ಲಂತೂ ಇದೆ. ಆ ಕಾಲಮ್ ಹೆಸರು ಕೊಟ್ಟು ಜೋಡಿಸಲು ಬಿಟ್ಟರೆ, ಯಾರು ಮೊದಲು ಯಾರು ಆಮೇಲೆ ಎಂಬುದರಿಂದಲೇ ಒಳಗಿರುವುದನ್ನು ಊಹಿಸಲು ದಾರಿಯಾಗುತ್ತದೆ. ಕೋಟ್ ಸರಿಯಾಗಿದ್ದರೆ ಸಾಲದು, ಆ ಕಾಲಮ್ ಮುಟ್ಟಲು ಅವರಿಗೆ ಹಕ್ಕಿದೆಯೇ ಎಂದೂ ನೋಡಬೇಕು.

ಸಂಖ್ಯೆ, ದಿನಾಂಕಗಳನ್ನು ಕ್ವೆರಿ ಕಟ್ಟುವ ಮೊದಲೇ ಪೈಥಾನ್‌ನಲ್ಲಿ ಅವುಗಳ ಟೈಪ್‌ಗೆ ಬದಲಿಸುತ್ತೇನೆ. 7,250 ಎಂದು ಅಲ್ಪವಿರಾಮ ಹಾಕುವವರಿದ್ದಾರೆ, ಅದನ್ನು ತೆಗೆಯಬೇಕು. ಖುಷಿಯ ವಿಷಯ ಅಂದರೆ ಪಠ್ಯವನ್ನು ಪೂರ್ಣಾಂಕ ಮಾಡುವ ಪೈಥಾನ್‌ನ ಇಂಟ್ ಕನ್ನಡದ ೧೨ ಕೊಟ್ಟರೂ ತಕರಾರಿಲ್ಲದೆ 12 ಮಾಡಿಕೊಡುತ್ತದೆ. ಒಂದು ಪುಟಕ್ಕೆ ಎಷ್ಟು ಸಾಲು ಎಂಬುದಕ್ಕೂ ಇಂಟ್ ಮಾಡಿ 200ರ ಮಿತಿ ಹಾಕಿದ್ದೇನೆ.

ಆಮೇಲೆ "ಇದೇ ಹುಡುಕಾಟ ಉಳಿಸಿಡಬೇಕು" ಅಂತ ಬೇಡಿಕೆ ಬಂತು. ಕ್ವೆರಿಯ ಪಠ್ಯವನ್ನೇ ಟೇಬಲ್‌ನಲ್ಲಿ ಇಟ್ಟುಬಿಡುವುದು ಸುಲಭ ಅನ್ನಿಸುತ್ತದೆ. ನಾನು ಉಳಿಸುವುದು ಆಯ್ಕೆಗಳನ್ನು ಮಾತ್ರ: ತಾಲೂಕು ಇದು, ದರ ಇಷ್ಟಕ್ಕಿಂತ ಜಾಸ್ತಿ, ಹೀಗೆ ಜೇಸನ್‌ನಲ್ಲಿ. ತೆರೆದಾಗ ಅವು ಮತ್ತೆ ಅದೇ ತಪಾಸಣೆ ದಾಟಿಯೇ ಬರಬೇಕು. ನಮ್ಮ ಡೇಟಾಬೇಸ್‌ನಿಂದಲೇ ಬಂದದ್ದು ಎಂಬ ಕಾರಣಕ್ಕೆ ನಂಬುವ ಹಾಗಿಲ್ಲ. ಮೊದಲು ಅದನ್ನು ಅಲ್ಲಿ ಇಟ್ಟವರು ಬಳಕೆದಾರರೇ ಅಲ್ವಾ?

ಇಷ್ಟರ ಮೇಲೂ ಹುಡುಕಾಟಕ್ಕೆ ಬೇರೆಯದೇ ಡೇಟಾಬೇಸ್ ಯೂಸರ್ ಇದ್ದಾನೆ. ಅವನಿಗೆ ಓದುವ ಹಕ್ಕು ಮಾತ್ರ, ಅದೂ ಖಾತೆ ಸಂಖ್ಯೆ ಇಲ್ಲದ ವ್ಯೂ (ಆಯ್ದ ಕಾಲಮ್‌ಗಳನ್ನಷ್ಟೇ ತೋರಿಸುವ ನೋಟ) ಮೇಲೆ. ಸ್ಟೇಟ್‌ಮೆಂಟ್ ಟೈಮ್‌ಔಟ್ 5 ಸೆಕೆಂಡ್, ಅದನ್ನು ದಾಟಿದ ಕ್ವೆರಿ ಅಲ್ಲೇ ನಿಲ್ಲುತ್ತದೆ. ಜನವರಿಯಲ್ಲಿ ಆವಕ ಏರಿದಾಗ ಯಾರೋ ಎಲ್ಲ ಪೆಟ್ಟಿಗೆ ಖಾಲಿ ಬಿಟ್ಟು ಹುಡುಕಿದರೂ ತೂಕದ ಎಂಟ್ರಿ ನಿಲ್ಲಬಾರದು.

ಪಠ್ಯ ಮತ್ತು ಮೌಲ್ಯ ಬೇರೆಯಾದದ್ದರಿಂದ ಇನ್ನೊಂದು ಅನುಕೂಲ ಆಯಿತು. ಲಾಗ್‌ನಲ್ಲಿ ಪಠ್ಯವನ್ನು ಮಾತ್ರ ಬರೆಸಿದರೆ ಸಾಕು, ರೈತರ ಹೆಸರು ಅಲ್ಲಿ ಬೀಳುವುದಿಲ್ಲ. ಯಾವ ಜೋಡಣೆ ಎಷ್ಟು ಓಡುತ್ತದೆ ಎಂದೂ ಕಾಣುತ್ತದೆ. 1024ರಲ್ಲಿ ದಿನಬಳಕೆಗೆ ಬರುವುದು ಬೆರಳೆಣಿಕೆಯಷ್ಟು, ಅದರಲ್ಲೂ ತಾಲೂಕು ಮತ್ತು ದಿನಾಂಕದ ಜೋಡಿಯೇ ಮುಂದು. ಆ ಎರಡಕ್ಕೆ ಸೇರಿಸಿ ಒಂದು ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಹಾಕಿದೆ. ಉಳಿದವಕ್ಕೆ ಸದ್ಯ ಏನೂ ಹಾಕಿಲ್ಲ.