ಮನೆ ಪ್ರಾರ್ಥನೆಯಲ್ಲಿ ಮಕ್ಕಳಿಗೂ ಒಂದು ಕೆಲಸ ಕೊಡಿ

ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಮನೆ ಚಿಕ್ಕಬಳ್ಳಾಪುರದಲ್ಲಿ. ಒಂದು ವಾರ ಬೆಳಗಿನ ಡ್ಯೂಟಿ, ಇನ್ನೊಂದು ವಾರ ಬಾಗೇಪಲ್ಲಿ ಕಡೆಯ ಹಳ್ಳಿಯಲ್ಲಿ ನೈಟ್ ಹಾಲ್ಟ್. ಭಾನುವಾರ ರಜೆ ಸಿಗುವುದೇ ಅಪರೂಪ. ಆದರೂ ನಮ್ಮ ಚರ್ಚಿನ ಸಭೆಯಲ್ಲಿ ಚಿಕ್ಕ ಮಕ್ಕಳಿರುವವರು ನನ್ನನ್ನು ಕೇಳುತ್ತಾರೆ: "ಅಣ್ಣ, ಪ್ರಾರ್ಥನೆಗೆ ಮಕ್ಕಳನ್ನು ಹೇಗೆ ಕೂರಿಸ್ತೀರಾ?" ಸುಮ್ನೆ ಕೂರಿಸಲು ಹೋಗಬೇಡಿ, ಕೈಗೆ ಏನಾದರೂ ಕೆಲಸ ಕೊಡಿ ಎನ್ನುತ್ತೇನೆ. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಸಂಡೆ ಸ್ಕೂಲ್‌ಗೆ ಕಳಿಸಿದರೆ ಆಯ್ತಲ್ಲ ಅಂತ ಬಹಳ ಜನ ಅಂದುಕೊಂಡಿದ್ದಾರೆ. ನನ್ನ ಹೆಂಡತಿ ಅಲ್ಲಿ ಕಲಿಸುತ್ತಾಳೆ. ವಾರಕ್ಕೆ ಒಂದು ಗಂಟೆ, ಅದರಲ್ಲಿ ಅರ್ಧ ಹಾಜರಿ ಮತ್ತು ಹಾಡಿಗೇ ಹೋಗುತ್ತದೆ. ಬೈಬಲಿನ ಧರ್ಮೋಪದೇಶಕಾಂಡದ 6ನೇ ಅಧ್ಯಾಯ ತೆಗೆದು ನೋಡಿ. ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ದೇವರ ಮಾತನ್ನು ಮಕ್ಕಳಿಗೆ ಹೇಳಿಕೊಡಿ ಎಂದಿದೆ. ಆ ಕೆಲಸ ನೇರವಾಗಿ ಹೆತ್ತವರದ್ದೇ.

ಹೊತ್ತಿನ ವಿಷಯಕ್ಕೆ ಬರೋಣ. ಎಂಟು ಗಂಟೆ ಎಂದು ಗಡಿಯಾರ ನೋಡಿ ಗೊತ್ತು ಮಾಡಿದರೆ ನಿಲ್ಲುವುದಿಲ್ಲ. ಊಟಕ್ಕೆ ಗಂಟು ಹಾಕಿ. ಊಟ ಮುಗಿದು ತಟ್ಟೆ ಎತ್ತುವ ಮೊದಲು ಹತ್ತೇ ನಿಮಿಷ. ನಾನು ಹಾಲ್ಟ್‌ನಲ್ಲಿದ್ದರೆ ಫೋನ್ ಸ್ಪೀಕರ್‌ನಲ್ಲಿ ಸೇರಿಕೊಳ್ಳುತ್ತೇನೆ. ನೆಟ್‌ವರ್ಕ್ ಸಿಗದ ದಿನ ಅವರೇ ಮುಗಿಸುತ್ತಾರೆ. ಮಕ್ಕಳು ತೂಕಡಿಸುತ್ತಿದ್ದರೆ 117ನೇ ಕೀರ್ತನೆ ಓದಿ ಮಲಗಿಸಿ. ಅದರಲ್ಲಿ ಇರುವುದು ಎರಡೇ ವಚನ.

ಓದುವ ಕೆಲಸ ಮಕ್ಕಳದ್ದೇ ಆಗಲಿ. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಕನ್ನಡ ಬೈಬಲ್ ಕಷ್ಟ, ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಾರೆ. ತಡವರಿಸಲಿ ಬಿಡಿ. ಪ್ರತಿ ತಪ್ಪಿಗೂ ತಿದ್ದಲು ಹೋದರೆ ಪ್ರಾರ್ಥನೆ ಹೋಗಿ ಟ್ಯೂಷನ್ ಆಗುತ್ತದೆ. ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. 16 ಅಧ್ಯಾಯ ಅಷ್ಟೇ, ಯೇಸು ಒಂದು ಕಡೆ ನಿಲ್ಲದೆ ಓಡಾಡುತ್ತಲೇ ಇರುತ್ತಾರೆ, ಮಕ್ಕಳಿಗೆ ಬೇಜಾರಾಗುವುದಿಲ್ಲ. ದಿನಕ್ಕೆ ಒಂದು ಘಟನೆ ಸಾಕು, ಇಡೀ ಅಧ್ಯಾಯ ಬೇಡ.

ಓದಿದ ಮೇಲೆ "ಇದರಿಂದ ಏನು ಕಲಿತೆ?" ಎಂದು ಮಾತ್ರ ಕೇಳಬೇಡಿ. ಪರೀಕ್ಷೆಯ ಪ್ರಶ್ನೆ ಅದು, ಮಕ್ಕಳಿಗೆ ಉತ್ತರ ಮೊದಲೇ ಗೊತ್ತಿರುತ್ತದೆ: "ಒಳ್ಳೆಯವರಾಗಿರಬೇಕು." ಅದರ ಬದಲು "ಯಾವುದು ಸರಿ ಅನ್ನಿಸಲಿಲ್ಲ?" ಎಂದು ಕೇಳಿ ನೋಡಿ. ಮಾರ್ಕ 5ರಲ್ಲಿ ಯೇಸು ಒಬ್ಬ ಮನುಷ್ಯನಿಂದ ಬಿಡಿಸಿದ ದೆವ್ವಗಳು ಹಂದಿಗಳೊಳಗೆ ಹೊಕ್ಕು, ಸುಮಾರು 2000 ಹಂದಿ ಸಮುದ್ರಕ್ಕೆ ಬಿದ್ದು ಸತ್ತ ಕಥೆ ಓದಿದ ರಾತ್ರಿ ನನ್ನ ಚಿಕ್ಕ ಮಗಳಿಗೆ ಕೋಪ ಬಂತು. "ಪಾಪ, ಹಂದಿಗಳು ಏನಪ್ಪ ಮಾಡಿದ್ವು?" ಅವಳ ಅಣ್ಣನದು ಇನ್ನೊಂದು ಚಿಂತೆ. "ಸಾಕಿದವನಿಗೆ ದುಡ್ಡು ಯಾರು ಕೊಟ್ರು?" ನನಗೂ ಗೊತ್ತಿಲ್ಲ ಎಂದೆ. ಒಬ್ಬ ಮನುಷ್ಯನ ಬೆಲೆ ಯೇಸುವಿಗೆ ಎಷ್ಟಿತ್ತು ಅನ್ನುವ ಮಾತು ಆಮೇಲೆ ತಾನಾಗಿಯೇ ಬಂತು, ಅದನ್ನು ತಂದಿದ್ದೂ ಮಗಳೇ. ಎಲ್ಲದಕ್ಕೂ ಉತ್ತರ ಇಟ್ಟುಕೊಂಡು ಕೂರಬೇಕಾಗಿಲ್ಲ.

ಪ್ರಾರ್ಥನೆಯಲ್ಲಿ ಪ್ರತಿಯೊಬ್ಬರದೂ ಒಂದೊಂದು ಸಾಲು ಇರಲಿ. ಪಕ್ಕದ ಮನೆ ಹಸು, ನಾಳೆಯ ಗಣಿತ ಟೆಸ್ಟ್, ಮಾವನ ತೋಟದ ಟೊಮೆಟೊಗೆ ರೇಟ್, ಏನು ಬೇಕಾದರೂ ಬರಲಿ. ದೊಡ್ಡವರಿಗೆ ಒಂದೇ ಮಾತು: ದೇವರ ಹೆಸರಲ್ಲಿ ಮಕ್ಕಳನ್ನು ಬೈಯಬೇಡಿ. "ಕರ್ತನೇ, ಈ ಹುಡುಗನಿಗೆ ಬುದ್ಧಿ ಕೊಡು, ಮೊಬೈಲ್ ಬಿಡಿಸು" ಎಂದು ಕಣ್ಣು ಮುಚ್ಚಿಕೊಂಡು ಹೇಳುವ ಅಪ್ಪಂದಿರು ಬೇಕಾದಷ್ಟು ಇದ್ದಾರೆ. ಅದು ಪ್ರಾರ್ಥನೆಯಲ್ಲ, ದೂರು. ಹುಡುಗನಿಗೆ ಅದು ಚೆನ್ನಾಗಿಯೇ ಅರ್ಥವಾಗುತ್ತದೆ.

ಅಜ್ಜಿ ಇದ್ದರೆ ಅರ್ಧ ಕೆಲಸ ಅವರಿಗೆ ಬಿಡಿ. ಬೈಬಲಿನ ಯುವ ಸೇವಕ ತಿಮೊಥೆಯನ ನಂಬಿಕೆ ಮೊದಲು ಅವನ ಅಜ್ಜಿ ಲೋವಿಯಲ್ಲಿ, ತಾಯಿ ಯೂನೀಕೆಯಲ್ಲಿ ಇತ್ತು ಎಂದು ಅವನ ಗುರು ಅಪೊಸ್ತಲ ಪೌಲನೇ ಪತ್ರದಲ್ಲಿ ಬರೆದಿದ್ದಾನೆ. ನಮ್ಮ ಕಡೆ ಮನೆಮನೆಯಲ್ಲೂ ತೆಲುಗು, ಕನ್ನಡ ಬೆರೆತಿವೆ. ನಮ್ಮಮ್ಮನಿಗೆ ತೆಲುಗು ಕೀರ್ತನೆಗಳೇ ಬಾಯಿಗೆ ಬರುವುದು. ಮಕ್ಕಳು ಅವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಕೇಳಿ ಕೇಳಿಯೇ ಕಲಿತರು.

ಕಾಣಿಕೆ ಇನ್ನೊಂದು ವಿಷಯ. ಚರ್ಚ್ ಬಾಗಿಲಲ್ಲಿ ಜೇಬಿನಿಂದ ಹತ್ತು ರೂಪಾಯಿ ತೆಗೆದು ಮಗುವಿನ ಕೈಗೆ ತುರುಕಿದರೆ ಮಗು ಕೊಟ್ಟಂತಾಗುವುದಿಲ್ಲ, ನಿಮ್ಮ ದುಡ್ಡು ಹೊತ್ತುಕೊಂಡು ಹೋದಂತೆ ಅಷ್ಟೇ. ಶನಿವಾರ ರಾತ್ರಿಯೇ ಅದರ ಸ್ವಂತ ಹುಂಡಿಯಿಂದ ಎಷ್ಟು ಎಂದು ಅದೇ ಎತ್ತಿಡಲಿ. ಎರಡು ಕಾಸು ಹಾಕಿದ ವಿಧವೆಯ ಕಥೆ, ಮಾರ್ಕ 12, ಆ ರಾತ್ರಿ ಓದಲು ಸರಿಹೋಗುತ್ತದೆ. ಚರ್ಚಿನ ಸುಗ್ಗಿ ಹಬ್ಬವಂತೂ ಮಕ್ಕಳಿಗೆ ಹೇಳಿ ಮಾಡಿಸಿದ್ದು. ರಾಗಿ, ಕುಂಬಳಕಾಯಿ, ದ್ರಾಕ್ಷಿ, ಕಾಲು ಕಟ್ಟಿದ ಕೋಳಿ, ಎಲ್ಲ ಚರ್ಚಿಗೆ ಬರುತ್ತವೆ, ಆರಾಧನೆ ಮುಗಿದ ಮೇಲೆ ಹರಾಜು. ಜಮೀನು ಇಲ್ಲದಿದ್ದರೂ ಒಡೆದ ಬಕೆಟ್‌ನಲ್ಲಿ ಕೊತ್ತಂಬರಿ ಬೆಳೆಯಬಹುದು. ಮಗಳು ಹಾಗೆ ಬೆಳೆದ ಒಂದು ಕಟ್ಟು ಕೊತ್ತಂಬರಿಯನ್ನು ಹಿರಿಯರು ಪೈಪೋಟಿಗೆ ಬಿದ್ದು ಕೂಗಿ, ಅಂಗಡಿ ರೇಟಿಗಿಂತ ಎಷ್ಟೋ ಜಾಸ್ತಿಗೆ ತೆಗೆದುಕೊಂಡರು.

ಮಕ್ಕಳು ಕೇಳುವುದಕ್ಕಿಂತ ನೋಡುವುದು ಹೆಚ್ಚು. ನಮ್ಮ ಕೆಲಸದಲ್ಲಿ ಚಿಲ್ಲರೆ ಇಲ್ಲದಾಗ ಟಿಕೆಟ್ ಹಿಂದೆ ಬಾಕಿ ಬರೆದು ಕೊಡುತ್ತೇವೆ. ಕೆಲವರು ಇಸಿದುಕೊಳ್ಳದೆ ಮರೆತು ಇಳಿಯುತ್ತಾರೆ. ನನ್ನ ಬಸ್ಸಿನಲ್ಲಿ ಬಂದಿದ್ದ ಮಗ ಒಮ್ಮೆ ಕೇಳಿದ: "ಆ ದುಡ್ಡು ಏನು ಮಾಡ್ತೀರಪ್ಪ?" ಸ್ಟಾಪ್ ಬರುವ ಮೊದಲೇ ಕೂಗಿ ಕರೆದು ಕೊಡುತ್ತೇನೆ ಎಂದೆ. ಸಂಜೆವರೆಗೂ ಅವನು ಅದನ್ನೇ ಗಮನಿಸುತ್ತಿದ್ದ. ನೀವು ಅಂಗಡಿಯವರಾಗಿರಿ, ಡೇರಿಗೆ ಹಾಲು ಹಾಕುವವರಾಗಿರಿ, ನಿಮ್ಮಲ್ಲೂ ಇಂಥ ಜಾಗ ಇದ್ದೇ ಇರುತ್ತದೆ.

ಅಕ್ಕಪಕ್ಕದ ಹಬ್ಬಗಳ ವಿಷಯ ಮುಂಚೆಯೇ ಮಾತಾಡಿಟ್ಟುಕೊಳ್ಳಿ. ಸಂಕ್ರಾಂತಿಗೆ ಎಳ್ಳುಬೆಲ್ಲ ಬರುತ್ತದೆ, ಕ್ರಿಸ್‌ಮಸ್‌ಗೆ ನಮ್ಮ ಮನೆಯ ಕಜ್ಜಾಯ, ರೋಸ್ ಕುಕ್ಕಿ ಹೋಗುತ್ತದೆ, ಅದರಲ್ಲಿ ತಕರಾರಿಲ್ಲ. ಕಷ್ಟ ಬರುವುದು ಪ್ರಸಾದದಲ್ಲಿ. ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 8ನೇ ಅಧ್ಯಾಯದಲ್ಲಿ ವಿಗ್ರಹಗಳಿಗೆ ಅರ್ಪಿಸಿದ ಊಟದ ಬಗ್ಗೆ ಬರೆದಿದ್ದಾನೆ, ಓದಿ. ನಮ್ಮ ಸಭೆಯಲ್ಲೇ ತಿನ್ನುವವರೂ ಇದ್ದಾರೆ, ತಿನ್ನದವರೂ ಇದ್ದಾರೆ. ನಿಮ್ಮ ಮನೆಯಲ್ಲಿ ಹೇಗೆ ಎಂದು ಮಗುವಿಗೆ ಮೊದಲೇ ಹೇಳಿ. ಕೊಟ್ಟವರ ಮುಂದೆ ಅದು ಕಕ್ಕಾಬಿಕ್ಕಿಯಾಗಬಾರದು. ಸ್ಕೂಲಿನ ಸರಸ್ವತಿ ಪೂಜೆಯಲ್ಲಿ ಮರ್ಯಾದೆಯಿಂದ ನಿಲ್ಲು ಎಂದು ನಾವು ಹೇಳಿದ್ದೇವೆ. ನೆರೆಯವರ ದೇವರ ಬಗ್ಗೆ ಹಗುರವಾಗಿ ಮಾತಾಡುವುದನ್ನು ಮಾತ್ರ ನಮ್ಮ ಮನೆಯಲ್ಲಿ ಒಪ್ಪುವುದಿಲ್ಲ. ಅದನ್ನು ಭಕ್ತಿ ಅಂದುಕೊಂಡವರು ಕೆಲವರಿದ್ದಾರೆ, ನಾನು ಅವರ ಜೊತೆ ಇಲ್ಲ.

ಮಕ್ಕಳು ದೊಡ್ಡವರಾದ ಮೇಲೆ ದೃಢೀಕರಣದ ಪ್ರಶ್ನೆ ಬರುತ್ತದೆ. ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಕೂಸಿದ್ದಾಗಲೇ ದೀಕ್ಷಾಸ್ನಾನ, ಅಂದರೆ ಬ್ಯಾಪ್ಟಿಸಮ್, ಆಗಿರುತ್ತದೆ. ಅಂದು ಹೆತ್ತವರು ಕೊಟ್ಟ ಮಾತನ್ನು ಮಕ್ಕಳು ತಾವೇ ಒಪ್ಪಿಕೊಳ್ಳುವುದು ದೃಢೀಕರಣದಲ್ಲಿ. ಜೊತೆಯವರೆಲ್ಲ ಸೇರುತ್ತಿದ್ದಾರೆ ಎಂದು ಕ್ಲಾಸಿಗೆ ನೂಕಬೇಡಿ. ನನ್ನ ಮಗ ಈ ವರ್ಷ ಬೇಡ ಎಂದ. ನೆಂಟರು ಗೊಣಗಿದರು. ಸರಿ, ಆದರೆ ನಮ್ಮ ಪಾದ್ರಿ ಅಯ್ಯನವರಿಗೆ ನೀನೇ ಹೋಗಿ ಹೇಳಬೇಕು ಎಂದೆವು. ಹೇಳಿ ಬಂದ. ಅವರು ಬೈಯಲಿಲ್ಲ, ಮೈಕ್ ಸೆಟ್ ನೋಡಿಕೊಳ್ಳಲು ಒಬ್ಬರು ಬೇಕಾಗಿದೆ ಎಂದರಂತೆ. ಈಗ ಭಾನುವಾರ ಎಲ್ಲರಿಗಿಂತ ಮೊದಲು ಚರ್ಚಿಗೆ ಹೋಗುವವನು ಅವನೇ.

ಎಲ್ಲಿಂದ ಶುರು ಮಾಡುವುದು ಎಂದು ಗೊತ್ತಾಗದಿದ್ದರೆ ಡಿಸೆಂಬರ್ 1ಕ್ಕೆ ಲೂಕನ ಸುವಾರ್ತೆ ತೆಗೆಯಿರಿ. 24 ಅಧ್ಯಾಯ, ದಿನಕ್ಕೊಂದರಂತೆ 24ಕ್ಕೆ ಮುಗಿಯುತ್ತದೆ. ಮೊದಲನೆಯದು 80 ವಚನ, ಅದನ್ನು ಪೂರ್ತಿ ಓದಿಸಿದರೆ ಮೊದಲ ದಿನವೇ ಮಕ್ಕಳು ಓಡಿಹೋಗುತ್ತಾರೆ. ಪ್ರತಿ ಅಧ್ಯಾಯದಿಂದ ಒಂದೇ ಕಥೆ ಆರಿಸಿ. 15ನೇ ತಾರೀಖು ಕಳೆದುಹೋದ ಕುರಿ, 19ಕ್ಕೆ ಮರ ಹತ್ತಿದ ಜಕ್ಕಾಯ. ಯೇಸು ಹುಟ್ಟಿದ ಕಥೆ 2ನೇ ತಾರೀಖೇ ಬಂದುಬಿಡುತ್ತದೆ, ಅದನ್ನು 25ರ ಬೆಳಿಗ್ಗೆ ಮತ್ತೆ ಓದಿ. ಮನೆಮನೆಗೆ ಹೋಗಿ ಕ್ರಿಸ್‌ಮಸ್ ಹಾಡು ಹಾಡುವ ಕ್ಯಾರಲ್ಸ್ ಇರುವ ರಾತ್ರಿ ಮನೆಗೆ ಬಂದ ಮೇಲೆ ಯಾರೂ ಎದ್ದಿರುವುದಿಲ್ಲ, ಆದ್ದರಿಂದ ಹೊರಡುವ ಮೊದಲೇ ಓದಿ ಮುಗಿಸಿ.