'ಅಲ್ವಾ' ಬಿಡಿಸಿದ ಮೇಲೆ ಆಟ ಕುದುರಿತು

ಇಬ್ಬರು ಬರೀ ಪ್ರಶ್ನೆಯಲ್ಲೇ ಮಾತಾಡುವ, ತಪ್ಪಿದವರು ಔಟ್ ಆಗುವ ಆಟವನ್ನು ಕನ್ನಡದಲ್ಲಿ ಆಡಿಸುತ್ತೇನೆ ಎಂದಾಗ ಮುಂಬಯಿ ಹತ್ತಿರದ ಡೊಂಬಿವಲಿಯ ನಾಟಕದ ಗೆಳೆಯರು ಒಪ್ಪಲಿಲ್ಲ. 'ಇದು ಇಂಗ್ಲಿಷಿನವರ ಆಟ, ನಮ್ಮಲ್ಲಿ ಎರಡು ನಿಮಿಷವೂ ನಡೆಯೋದಿಲ್ಲ' ಅಂದರು. ಹೋದ ತಿಂಗಳು ಒಂದೇ ಜೋಡಿ ಸುಮಾರು 11 ನಿಮಿಷ ಆಡಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ಮಾಟುಂಗಾದ ಒಂದು ಸಣ್ಣ ಹಾಲ್ ಹಿಡಿದೆ. ಬಾಡಿಗೆ, ಮೈಕು, ಚಹಾ ಸೇರಿ 6,000ದ ಹತ್ತಿರ ಖರ್ಚಾಯಿತು. ಟಿಕೆಟ್ಟಿನಿಂದ ಬಂದದ್ದು 1,400 ಇರಬೇಕು. ಆವತ್ತು ಯಾರೂ ಔಟ್ ಆಗಲೇ ಇಲ್ಲ, ಅದೇ ತೊಂದರೆ. 'ಮಳೆ ಜೋರಾಗಿದೆ ಅಲ್ವಾ?' 'ನೀನು ಛತ್ರಿ ತಂದಿಲ್ಲ ಅಲ್ವಾ?' ಕನ್ನಡದಲ್ಲಿ ಯಾವ ಮಾತಿಗೆ ಈ ಬಾಲ ಅಂಟಿಸಿದರೂ ಪ್ರಶ್ನೆ ಆಗಿಬಿಡುತ್ತದೆ. ಅರ್ಧ ಗಂಟೆಗೇ ಜನ ಲೋಕಲ್ ರೈಲು ಹಿಡಿಯಲು ಎದ್ದರು.

ಹಾಗಾಗಿ 'ಅಲ್ವಾ', 'ತಾನೇ', 'ಹೌದಾ' ಮೂರನ್ನೂ ಫೌಲ್ ಮಾಡಿದೆ. ಬರೀ 'ಯಾಕೆ?' ಒಬ್ಬರಿಗೆ ಒಂದೇ ಸಲ. ಹೇಳಿಕೆ, ತಡವರಿಕೆ, ಕೇಳಿದ್ದನ್ನೇ ಕೇಳುವುದು ಹೇಗೂ ಫೌಲೇ. ಎರಡನೇ ಪ್ರಯೋಗದಲ್ಲಿ ಫೌಲಿಗೆ ಬಾರಿಸಲು ನಾನೇ ಗಂಟೆ ಹಿಡಿದು ಕೂತೆ. ಹತ್ತು ಸೆಕೆಂಡಿಗೊಂದು ಸಲ ಬಾರಿಸಿ ಆಟವನ್ನೇ ಕೊಂದೆ. ಮತ್ತೆ 3,000 ಹೋಯಿತು.

ಇಂಗ್ಲಿಷ್ ನಾಟಕಕಾರ ಟಾಮ್ ಸ್ಟಾಪರ್ಡ್ ಅವರ 1966ರ ನಾಟಕದಲ್ಲಿ ರೋಸೆನ್‌ಕ್ರಾಂಟ್ಸ್, ಗಿಲ್ಡೆನ್‌ಸ್ಟರ್ನ್ ಎಂಬ ಇಬ್ಬರು ಇದೇ ಆಟಕ್ಕೆ ಟೆನಿಸ್ ಥರ ಅಂಕ ಎಣಿಸುತ್ತಾರೆ. ಅದನ್ನೂ ನೋಡಿದೆ. ನಮ್ಮ ಜನಕ್ಕೆ ಲೆಕ್ಕ ಬೇಡ, ಜಗಳ ಬೇಕು. ಈಗ ಮೂರು ಫೌಲಿಗೆ ಔಟ್, ಅಷ್ಟೇ.

ನಡುವೆ ಒಂದು ಆಸೆ ಹುಟ್ಟಿತು. ಮುಲುಂಡಿನಲ್ಲಿ ತಾಳಮದ್ದಲೆಯ (ವೇಷ, ಕುಣಿತವಿಲ್ಲದ ಯಕ್ಷಗಾನ) ಅರ್ಥಧಾರಿ, ಅಂದರೆ ಪಾತ್ರದ ಮಾತಾಡುವವರು, ಒಬ್ಬರಿದ್ದಾರೆ. ನಿಂತಲ್ಲೇ ಮಾತು ಹುಟ್ಟಿಸುವವರು. ಕರೆದೆ. ಮೊದಲ ದಿನ ಐದೇ ಪ್ರಶ್ನೆಗೆ ಔಟ್. 'ಧರ್ಮದ ಸೂಕ್ಷ್ಮವನ್ನು ನೀನು ಬಲ್ಲೆಯಾ?' ಎಂಬಂಥವೆಲ್ಲ ಉತ್ತರ ಬೇಡದ ಪ್ರಶ್ನೆಗಳು, ಅವೂ ಫೌಲು. ಒಂದು ಪ್ರಶ್ನೆಗೆ ಎಂಟು ಪದ ಮೀರಬಾರದು ಎಂದು ಕಟ್ಟು ಹಾಕಿದೆ. ಮರುವಾರ ಅವರ ಮುಂದೆ ಯಾರೂ ನಿಲ್ಲಲಿಲ್ಲ.

ಅವರಿಂದಲೇ ನನಗೆ ದಾರಿ ಸಿಕ್ಕಿದ್ದು. ಪ್ರಶ್ನೆಯೊಳಗೆ ಒಂದು ಹೊಸ ಸಂಗತಿ ಇರಬೇಕು, ಎದುರಿನವನು ಅದನ್ನು ಒಪ್ಪಿಕೊಂಡೇ ಕೇಳಬೇಕು. ಹೋದ ತಿಂಗಳ ಮನೆ ಮಾಲೀಕ, ಬಾಡಿಗೆದಾರರ ಜಗಳ ನೋಡಿ:

'ಬಾಡಿಗೆ ಯಾವಾಗ ಕೊಡ್ತೀರಿ?'
'ನಲ್ಲಿ ಯಾವಾಗ ರಿಪೇರಿ ಮಾಡಿಸ್ತೀರಿ?'
'ನಿಮ್ಮ ಮಗ ನಲ್ಲಿಗೆ ಎಮ್ಮೆ ಕಟ್ಟಿದ್ದು ಯಾಕೆ?'
'ಎಮ್ಮೆಗೂ ಬೇರೆ ಡೆಪಾಸಿಟ್ ತಗೊಂಡಿದ್ದು ಯಾರು?'

ಸಭೆ ಚಪ್ಪಾಳೆ ನಿಲ್ಲಿಸಲಿಲ್ಲ. ತಡವರಿಸದಂತೆ ಹುಡುಗರನ್ನು ಹೇಗೆ ಪಳಗಿಸಿದೆ ಅಂತ ಎಲ್ಲರೂ ಕೇಳುತ್ತಾರೆ. ಲೋಕಲ್ ಗಾಡಿಯಲ್ಲಿ ಠಾಣೆಯಿಂದ ದಾದರ್‌ವರೆಗೆ ಒಂದು ಅಭ್ಯಾಸ ಮಾಡಿಸುತ್ತೇನೆ, ಅಷ್ಟು ಹೇಳಬಲ್ಲೆ. ಉಳಿದದ್ದು ನನ್ನ ಶಿಬಿರಕ್ಕೆ ಬಂದವರಿಗೆ. ಹೋದ ತಿಂಗಳ ಆ ಆಟಕ್ಕೆ ಎಪ್ಪತ್ತರ ಹತ್ತಿರ ಜನ ಇದ್ದರು. ಖರ್ಚು ಕಳೆದು ಮೊದಲ ಬಾರಿಗೆ 900 ರೂಪಾಯಿ ಉಳಿಯಿತು, ಅದರಲ್ಲಿ ಎಲ್ಲರೂ ಕೂತು ಮಸಾಲೆ ದೋಸೆ ತಿಂದೆವು.