ಕೋಡ್ ಬರೆಸುವ ಮೇಷ್ಟ್ರು ಬೇಕು, ಬರೆದುಕೊಡುವವರಲ್ಲ

ಪ್ರಥಮ ಪಿಯುಸಿ ಕಂಪ್ಯೂಟರ್ ಸೈನ್ಸ್‌ಗೆ ದಾವಣಗೆರೆಯಲ್ಲಿ ಟ್ಯೂಷನ್ ಹುಡುಕುವ ಬಗೆ

ದಾವಣಗೆರೆಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಟ್ಯೂಷನ್‌ಗೆ ಹುಡುಕಾಟವೇ ಬೇಡ, ಬೋರ್ಡುಗಳೇ ಕಣ್ಣಿಗೆ ಬೀಳುತ್ತವೆ. ಕಂಪ್ಯೂಟರ್ ಸೈನ್ಸ್‌ಗೆ ಮಾತ್ರ ಹುಡುಕಬೇಕು. ಸಿಇಟಿಯಲ್ಲಿ ಈ ವಿಷಯಕ್ಕೆ ಪ್ರಶ್ನೆಪತ್ರಿಕೆ ಇಲ್ಲ. ಹಾಗಾಗಿ ಸಿಇಟಿ, ನೀಟ್ ಹಿಂದೆ ಬಿದ್ದ ಕೋಚಿಂಗ್ ಸೆಂಟರ್‌ಗಳಿಗೆ ಇದರ ಮೇಲೆ ಅಷ್ಟು ಆಸಕ್ತಿ ಇರುವುದಿಲ್ಲ. ಆದರೆ ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್) ಮಕ್ಕಳಿಗಾಗಲಿ, ಕಾಮರ್ಸ್‌ನ ಇಬಿಎಸಿ (ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ, ಕಂಪ್ಯೂಟರ್ ಸೈನ್ಸ್) ಮಕ್ಕಳಿಗಾಗಲಿ ಬೋರ್ಡ್ ಪರೀಕ್ಷೆಯಲ್ಲಿ ಇದಕ್ಕೂ ಉಳಿದ ವಿಷಯಗಳಂತೆ 100 ಅಂಕ: 70 ಥಿಯರಿ, 30 ಪ್ರಾಕ್ಟಿಕಲ್.

ಮೊದಲ ಹೆಜ್ಜೆ: ಎಲ್ಲಿ ತೊಡಕಾಗಿದೆ ಎಂದು ಮನೆಯಲ್ಲೇ ನೋಡಿ

ಮೇಷ್ಟ್ರನ್ನು ಹುಡುಕಲು ಹೊರಡುವ ಮುನ್ನ ಅರ್ಧ ಗಂಟೆ ಮಗನ ಅಥವಾ ಮಗಳ ಜೊತೆ ಪುಸ್ತಕ ಹಿಡಿದು ಕೂರಿ. ಪ್ರೋಗ್ರಾಂ ಬರೆಯುವ ಭಾಷೆಯಾಗಿ ಹಿಂದೆ ಸಿ++ ಇದ್ದ ಜಾಗಕ್ಕೆ ಈಗ ಪೈಥಾನ್ ಬಂದಿದೆ; ಪಠ್ಯ ಎನ್‌ಸಿಇಆರ್‌ಟಿಯ 11ನೇ ತರಗತಿ ಪುಸ್ತಕದ್ದು. ಅದರಲ್ಲಿ 11 ಅಧ್ಯಾಯ. 1, 3 ಮತ್ತು 11ನೇ ಅಧ್ಯಾಯಗಳು ಓದಿ ಬರೆಯುವಂಥವು. ಬರೀ ಅವುಗಳಲ್ಲೇ ಅಂಕ ಹೋಗಿದ್ದರೆ ಟ್ಯೂಷನ್‌ಗೆ ದುಡ್ಡು ಹಾಕಬೇಡಿ. ಪುಸ್ತಕ ಎನ್‌ಸಿಇಆರ್‌ಟಿ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ, ಕೂತು ಓದಿದರೆ ಸಾಕು. 2ನೇ ಅಧ್ಯಾಯ ಸಂಖ್ಯಾ ಪದ್ಧತಿ. 45ನ್ನು ಬೈನರಿಗೆ ತಿರುಗಿಸಲು ಹೇಳಿ, 101101 ಬರಬೇಕು. ಬರದಿದ್ದರೆ ಮನೆಯಲ್ಲಿ ಗಣಿತ ಬಲ್ಲ ಯಾರಾದರೂ ಎರಡು ಸಂಜೆಯಲ್ಲಿ ಹೇಳಿಕೊಡಬಹುದು.

ನಿಜವಾದ ತೊಡಕು ಪ್ರೋಗ್ರಾಂ ಬರೆಯಲು ಕಲಿಸುವ 4ರಿಂದ 10ರವರೆಗಿನ ಅಧ್ಯಾಯಗಳಲ್ಲಿ. ಅದನ್ನು ಪತ್ತೆಹಚ್ಚಲು ಮೂರು ಸಣ್ಣ ಪ್ರಶ್ನೆ ಸಾಕು.

ಒಂದು, ಕನ್ನಡದಲ್ಲೇ ಕೇಳಿ: ಮಂಡಕ್ಕಿ ಪ್ಲೇಟಿಗೆ 30 ರೂಪಾಯಿ, ಐದಕ್ಕಿಂತ ಹೆಚ್ಚು ತೆಗೆದುಕೊಂಡರೆ ಪ್ರತಿ ಪ್ಲೇಟಿಗೂ 2 ರೂಪಾಯಿ ಕಡಿಮೆ. ಎಷ್ಟು ಪ್ಲೇಟ್ ಎಂದು ಹೇಳಿದರೆ ಬಿಲ್ ಹೇಗೆ ಹಾಕುತ್ತೀಯ, ಹಂತ ಹಂತವಾಗಿ ಹೇಳು. ಸರಿಯಾಗಿ ಐದೇ ತೆಗೆದುಕೊಂಡರೆ? ಐದಕ್ಕೆ 150, ಆರಕ್ಕೆ 168 ಎಂದು ಬಂದರೆ ತರ್ಕ ಚೆನ್ನಾಗಿದೆ. ಇಲ್ಲೇ ತಡವರಿಸಿದರೆ ಸಮಸ್ಯೆ ಪೈಥಾನ್‌ನದಲ್ಲ, ಲೆಕ್ಕವನ್ನು ಹಂತ ಹಂತವಾಗಿ ಬಿಡಿಸಲು ಕಲಿಸುವ 4ನೇ ಅಧ್ಯಾಯದ್ದು.

ಎರಡು, ಕಾಗದದ ಮೇಲೆ ಮಾಡಿಸಿ: ಮೊತ್ತ ಸೊನ್ನೆಯಿಂದ ಶುರು, ರೇಂಜ್(1, 5) ಕೊಟ್ಟ ಫಾರ್ ಲೂಪ್‌ನಲ್ಲಿ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸಾಲುಗಳಲ್ಲಿ) ಬರುವ ಪ್ರತಿ ಸಂಖ್ಯೆಯನ್ನೂ ಮೊತ್ತಕ್ಕೆ ಕೂಡಬೇಕು. ಕೊನೆಗೆ ಎಷ್ಟು? ಉತ್ತರ 10. ರೇಂಜ್ ಕೊನೆಯ ಸಂಖ್ಯೆಯನ್ನು ಮುಟ್ಟುವುದಿಲ್ಲ. 15 ಎಂದರೆ ಲೂಪನ್ನು ಬಾಯಿಪಾಠ ಮಾಡಿದ್ದಾರೆ, ಓಡಿಸಿ ನೋಡಿಲ್ಲ.

ಮೂರು, ಕಂಪ್ಯೂಟರಿನಲ್ಲಿ: ಎರಡು ಸಂಖ್ಯೆಗಳನ್ನು ಇನ್‌ಪುಟ್‌ನಿಂದ ಪಡೆದು ಕೂಡಿಸಲಿ. 5 ಮತ್ತು 7 ಕೊಟ್ಟಾಗ 57 ಬಂದರೆ ಗಾಬರಿ ಬೇಡ. ಇನ್‌ಪುಟ್ ಕೊಡುವುದು ಅಕ್ಷರಗಳ ಸಾಲನ್ನು (ಸ್ಟ್ರಿಂಗ್), ಅದನ್ನು ಇಂಟ್‌ಗೆ, ಅಂದರೆ ಪೂರ್ಣಾಂಕಕ್ಕೆ ಬದಲಿಸಿಲ್ಲ, ಅಷ್ಟೆ. 57 ಬಂದಾಗ ಮಗು ಏನು ಮಾಡುತ್ತದೆ ಎಂಬುದನ್ನು ಗಮನಿಸಿ. ತಾನೇ ತಿದ್ದಲು ಹೊರಟರೆ ವಾರಕ್ಕೊಂದು ತರಗತಿ ಸಾಕು. ಮೌಸ್ ಬಿಟ್ಟು ನಿಮ್ಮ ಮುಖ ನೋಡಿದರೆ ಎರಡು ಬೇಕು.

ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ: ಮಂಡಕ್ಕಿ ಲೆಕ್ಕ ಥಟ್ಟನೆ ಹೇಳುತ್ತಾರೆ, ಅದೇ ಪ್ರಶ್ನೆ ಇಂಗ್ಲಿಷ್‌ನಲ್ಲಿದ್ದರೆ ಸುಮ್ಮನಾಗುತ್ತಾರೆ. ಇವರಿಗೆ ಕನ್ನಡದಲ್ಲಿ ವಿವರಿಸಿ ಇಂಗ್ಲಿಷ್‌ನಲ್ಲಿ ಬರೆಸುವವರು ಬೇಕು. ಅಂದಹಾಗೆ, ಪೈಥಾನ್ 3ರಲ್ಲಿ ವೇರಿಯಬಲ್‌ಗೆ (ಬೆಲೆಯನ್ನು ಹಿಡಿದಿಡುವ ಹೆಸರಿಗೆ) ಕನ್ನಡದ ಹೆಸರನ್ನೂ ಇಡಬಹುದು; 'ಬೆಲೆ = 30' ಎಂದು ಬರೆದರೆ ತಕರಾರಿಲ್ಲದೆ ಓಡುತ್ತದೆ. ಪರೀಕ್ಷೆಯಲ್ಲಿ ಹಾಗೆ ಬರೆಯುವುದು ಬೇಡ. ಆದರೆ ಯಾವುದು ಭಾಷೆಯ ಪದ, ಯಾವುದು ನಾವಿಟ್ಟ ಹೆಸರು ಎಂದು ತಿಳಿಸಲು ಮೊದಲ ವಾರ ಇದಕ್ಕಿಂತ ಒಳ್ಳೆಯ ಉಪಾಯ ಸಿಗದು.

ಎರಡನೇ ಹೆಜ್ಜೆ: ಯಾರನ್ನು ಕೇಳುವುದು

ಮೊದಲು ಕಾಲೇಜಿನಲ್ಲೇ ಕೇಳಿ. ವಿಷಯದ ಲೆಕ್ಚರರ್ ಬಳಿ ಹೋಗಿ, "ಸಾರ್, ಇವನು ಲ್ಯಾಬ್‌ನಲ್ಲಿ ಹೇಗಿದ್ದಾನೆ, ಸಂಜೆ ಲ್ಯಾಬ್ ತೆರೆದಿರುತ್ತಾ?" ಎಂದು ವಿಚಾರಿಸಿ. ವಾರಕ್ಕೆ ಒಂದು ಗಂಟೆ ಲ್ಯಾಬ್ ಹೆಚ್ಚಿಗೆ ಸಿಕ್ಕರೆ ಅರ್ಧ ಸಮಸ್ಯೆ ಬಿಟ್ಟಿಯಾಗಿ ಬಗೆಹರಿಯುತ್ತದೆ.

ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ಈ ಊರಿನ ದೊಡ್ಡ ಅನುಕೂಲ. ಹದಡಿ ರಸ್ತೆಯ ಯುಬಿಡಿಟಿ 1951ರದು, ಶಾಮನೂರು ರಸ್ತೆಯ ಬಿಐಇಟಿ 1979ರದು. ಇನ್ನೂ ಎಂಜಿನಿಯರಿಂಗ್ ಕಾಲೇಜುಗಳಿವೆ, ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯವಿದೆ. ಚಿತ್ರದುರ್ಗದವರು ಎಸ್‌ಜೆಎಂಐಟಿಯಲ್ಲಿ ವಿಚಾರಿಸಬಹುದು. ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ 3 ಅಥವಾ 5ನೇ ಸೆಮಿಸ್ಟರ್ ಓದುತ್ತಿರುವವರು ಒಳ್ಳೆಯ ಆಯ್ಕೆ. ಪಿಯುಸಿಯಲ್ಲಿ ತಾವು ಎಲ್ಲಿ ಎಡವಿದ್ದೆವು ಎಂಬುದು ಅವರಿಗೆ ಇನ್ನೂ ನೆನಪಿರುತ್ತದೆ. ಕೊನೆಯ ವರ್ಷದವರು ಇಂಟರ್ನ್‌ಶಿಪ್ ಎಂದು ನಡುವೆಯೇ ಬೆಂಗಳೂರು ಬಸ್ ಹತ್ತಬಹುದು. ಯಾರನ್ನೇ ಗೊತ್ತು ಮಾಡಿದರೂ ಅವರ ಇಂಟರ್ನಲ್ಸ್, ಸೆಮಿಸ್ಟರ್ ಪರೀಕ್ಷೆ ಯಾವಾಗ ಎಂದು ಮೊದಲೇ ಕೇಳಿ. ನಿಮ್ಮ ಮಗುವಿಗೆ ಮಿಡ್‌ಟರ್ಮ್ ಇರುವಾಗಲೇ ಅವರಿಗೂ ಪರೀಕ್ಷೆ ಬಂದರೆ ಇಬ್ಬರಿಗೂ ತಾಪತ್ರಯ.

ನಿವೃತ್ತ ಪಿಯು ಉಪನ್ಯಾಸಕರಿಗೆ ಯಾವ ಉತ್ತರಕ್ಕೆ ಎಷ್ಟು ಅಂಕ ಎಂಬುದು ಕರತಲಾಮಲಕ. ಆದರೆ ಕೆಲವರ ಬಳಿ ಇರುವುದು ಸಿ++ ಕಾಲದ ನೋಟ್ಸ್. ನಯವಾಗಿ "ಪೈಥಾನ್ ಹೊಸ ಸಿಲಬಸ್ ಬ್ಯಾಚ್ ತೊಗೊಂಡಿದ್ದೀರಾ ಸಾರ್?" ಎಂದು ಕೇಳುವುದರಲ್ಲಿ ತಪ್ಪಿಲ್ಲ. ಸೇವೆಯಲ್ಲಿರುವ ಶಾಲಾ ಶಿಕ್ಷಕರನ್ನು ಮಾತ್ರ ಒತ್ತಾಯಿಸಬೇಡಿ: 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಅವರು ಖಾಸಗಿ ಪಾಠ ಹೇಳುವುದನ್ನು ನಿಷೇಧಿಸುತ್ತದೆ.

ಕಂಪ್ಯೂಟರ್ ಟ್ರೈನಿಂಗ್ ಸೆಂಟರ್‌ಗಳ ವಿಚಾರದಲ್ಲಿ ಹೆಚ್ಚು ಜನ ಮೋಸ ಹೋಗುತ್ತಾರೆ, ಅಥವಾ ತಮಗೆ ತಾವೇ ಮೋಸ ಮಾಡಿಕೊಳ್ಳುತ್ತಾರೆ ಎನ್ನಿ. ಬೇಸಿಕ್, ಟ್ಯಾಲಿ, ಡಿಟಿಪಿ ಕಲಿಸುವ ಕಡೆ ಸೇರಿಸಿ "ಕಂಪ್ಯೂಟರ್‌ಗೆ ಹಾಕಿದ್ದೀವಿ" ಎಂದುಕೊಂಡರೆ, ಮಗು ಎಕ್ಸೆಲ್‌ನಲ್ಲಿ ಪಟ್ಟಿ ಮಾಡಲು ಕಲಿಯುತ್ತದೆ, ಲೂಪ್ ಇದ್ದಲ್ಲೇ ಉಳಿಯುತ್ತದೆ.

ಸಿಬಿಎಸ್‌ಇ ಮಕ್ಕಳಿಗೂ 11ನೇ ತರಗತಿಯಲ್ಲಿ ಪೈಥಾನ್; ವಿಷಯ ಸಂಕೇತ 083. ಅದನ್ನು 065, ಅಂದರೆ ಇನ್ಫರ್ಮ್ಯಾಟಿಕ್ಸ್ ಪ್ರಾಕ್ಟಿಸಸ್ ಜೊತೆ ಬೆರೆಸಬೇಡಿ, ಪಠ್ಯ ಬೇರೆ. ಐಸಿಎಸ್‌ಇಯ 9, 10ನೇ ತರಗತಿಯ ಕಂಪ್ಯೂಟರ್ ಅಪ್ಲಿಕೇಷನ್ಸ್‌ನಲ್ಲಿರುವುದು ಜಾವಾ. ಫೋನಿನಲ್ಲಿ ಮೊದಲ ಮಾತೇ ಬೋರ್ಡ್, ತರಗತಿ, ಭಾಷೆ ಆಗಿರಲಿ.

ಮೂರನೇ ಹೆಜ್ಜೆ: ಒಂದು ಟ್ರಯಲ್ ತರಗತಿ, ನೀವು ಪಕ್ಕದಲ್ಲಿ

ಡಿಗ್ರಿ, ಅನುಭವ, ಕಳೆದ ಬ್ಯಾಚಿನ ಫಲಿತಾಂಶ ಎಲ್ಲವನ್ನೂ ಕೇಳಿ. ಆದರೆ ತೀರ್ಮಾನ ಟ್ರಯಲ್ ತರಗತಿಯದ್ದೇ. ಒಂದು ಗಂಟೆಯ ತರಗತಿಗೆ ಹಣ ಕೊಟ್ಟೇ ಕೂರಿಸಿ. ಬಿಟ್ಟಿ ಡೆಮೊ ಎಂದರೆ ಮೇಷ್ಟ್ರು ತಮಗೆ ಚೆನ್ನಾಗಿ ಬರುವ ಪಾಠವನ್ನೇ ಮಾಡುತ್ತಾರೆ. ಮಗು ತಪ್ಪು ಮಾಡಿದ ಪ್ರೋಗ್ರಾಂ ಒಂದನ್ನು ಕೈಗೆ ಕೊಟ್ಟು "ಇಲ್ಲಿಂದ ಶುರು ಮಾಡಿ" ಎನ್ನಿ.

ನೀವು ಕಂಪ್ಯೂಟರ್ ಮುಟ್ಟದವರಾಗಿದ್ದರೂ ಪರವಾಗಿಲ್ಲ. ಕೀಬೋರ್ಡ್ ಯಾರ ಕೈಯಲ್ಲಿದೆ ಎಂದು ನೋಡಿದರೆ ಸಾಕು. ತೆರೆಯ ಮೇಲೆ ಕೆಂಪಕ್ಷರದಲ್ಲಿ ಎರರ್ ಬಂದಾಗ ಒಳ್ಳೆಯ ಮೇಷ್ಟ್ರು ಕೈ ಚಾಚುವುದಿಲ್ಲ. "ಕೊನೇ ಸಾಲು ಓದು, ಏನಂತಿದೆ? ಎಷ್ಟನೇ ಲೈನು?" ಎನ್ನುತ್ತಾರೆ. ಪೈಥಾನ್‌ನಲ್ಲಿ ತಪ್ಪು ಏನೆಂಬುದು ಆ ಕೊನೆಯ ಸಾಲಿನಲ್ಲೇ ಇರುತ್ತದೆ. ಮಗು ತಡಮಾಡಿದಾಗ ಕೀಬೋರ್ಡ್ ಎಳೆದುಕೊಂಡು ಪಟಪಟ ಟೈಪ್ ಮಾಡಿ "ಹಿಂಗೆ, ಬರ್ಕೋ" ಎನ್ನುವವರು ಎಷ್ಟೇ ಬುದ್ಧಿವಂತರಾಗಿರಲಿ, ಬೇಡ. ನೋಟ್‌ಬುಕ್ಕಿಗೆ ಪ್ರೋಗ್ರಾಂ ಉಕ್ತಲೇಖನ ಹಾಕುವವರಂತೂ ಬೇಡವೇ ಬೇಡ. ಇಂಡೆಂಟೇಷನ್ (ಸಾಲಿನ ಮೊದಲು ಬಿಡುವ ಜಾಗ) ಕೈಗೆ ಹತ್ತುವುದು ಟೈಪ್ ಮಾಡಿ ಕೆಟ್ಟಾಗಲೇ. ಒಂದು ಸಾಲಿಗೆ ಟ್ಯಾಬ್, ಇನ್ನೊಂದಕ್ಕೆ ಸ್ಪೇಸ್ ಹಾಕಿದರೆ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಪೈಥಾನ್ ಒಪ್ಪುವುದಿಲ್ಲ. ಇದು ಕಾಗದದಲ್ಲಿ ಕಲಿಯುವ ವಿದ್ಯೆಯಲ್ಲ.

ಮೇಷ್ಟ್ರ ವಿಷಯಜ್ಞಾನ ತಿಳಿಯಲು ಎರಡು ಪ್ರಶ್ನೆ ಮಗುವಿನ ಕೈಲೇ ಕೇಳಿಸಿ. ಪೈಥಾನ್‌ನಲ್ಲಿ // ಎಂದರೆ ಭಾಗಿಸಿ ಪೂರ್ಣಾಂಕವನ್ನಷ್ಟೇ ಇಟ್ಟುಕೊಳ್ಳುವುದು; 7 // 2 ಎಂದರೆ 3. ಹಾಗಾದರೆ -7 // 2 ಎಷ್ಟು? ಉತ್ತರ -4, ಏಕೆಂದರೆ ಪೈಥಾನ್ ಕೆಳಗಿನ ಪೂರ್ಣಾಂಕಕ್ಕೆ ಇಳಿಸುತ್ತದೆ. ಸಿ++ ಅಭ್ಯಾಸದವರು -3 ಎನ್ನಬಹುದು. ಇನ್ನೊಂದು: 'ಅ' ಎಂಬ ಲಿಸ್ಟ್ ಇದೆ, 'ಬ = ಅ' ಎಂದು ಬರೆದು ಬ-ಗೆ ಒಂದು ಸಂಖ್ಯೆ ಸೇರಿಸಿದರೆ ಅ ಬದಲಾಗುತ್ತದೆಯೇ? ಬದಲಾಗುತ್ತದೆ, ಎರಡೂ ಒಂದೇ ಲಿಸ್ಟಿನ ಹೆಸರುಗಳು. ಉತ್ತರ ತಪ್ಪಿದರೆ ಅಲ್ಲಿಗೆ ಮುಗಿಯಿತು ಎಂದಲ್ಲ. "ಡೌಟು, ಓಡಿಸಿ ನೋಡೋಣ" ಎಂದರೆ ಅಂಥವರನ್ನು ಧಾರಾಳವಾಗಿ ಒಪ್ಪಿಕೊಳ್ಳಿ. "ಅದು ಸಿಲಬಸ್‌ನಲ್ಲಿಲ್ಲ" ಎಂದು ಗದರಿದರೆ ಮುಂದಿನ ಮನೆ ನೋಡಿ.

ನಾಲ್ಕನೇ ಹೆಜ್ಜೆ: ಫೀಸು, ಸಮಯ, ಮಾತುಕತೆ

ತಿಂಗಳ ಫೀಸನ್ನು ಗಂಟೆಗೆ ಇಳಿಸಿ ಲೆಕ್ಕ ಹಾಕಿ. ಉದಾಹರಣೆಗೆ ಮನೆಪಾಠಕ್ಕೆ ತಿಂಗಳಿಗೆ 2,400 ರೂಪಾಯಿ, ವಾರಕ್ಕೆರಡರಂತೆ ಒಂದೂವರೆ ಗಂಟೆಯ 8 ತರಗತಿ ಎಂದಿಟ್ಟುಕೊಳ್ಳಿ: 12 ಗಂಟೆ, ಗಂಟೆಗೆ 200. ಬ್ಯಾಚ್‌ನಲ್ಲಿ 1,200 ರೂಪಾಯಿಗೆ ಅಷ್ಟೇ ಗಂಟೆ ಸಿಕ್ಕರೆ ಗಂಟೆಗೆ 100, ಅಗ್ಗ. ಆದರೆ ಬ್ಯಾಚ್‌ನಲ್ಲಿ 15 ಮಕ್ಕಳಿದ್ದರೆ ಗಂಟೆಯಲ್ಲಿ ಒಬ್ಬರ ಪಾಲಿಗೆ ಬರುವುದು 4 ನಿಮಿಷ. ಎಷ್ಟು ಮಕ್ಕಳು ಎನ್ನುವುದಕ್ಕಿಂತ ಎಷ್ಟು ಕಂಪ್ಯೂಟರ್ ಎಂದು ಕೇಳಿ. ಒಂದು ಕಂಪ್ಯೂಟರಿಗೆ ಇಬ್ಬರವರೆಗೆ ನಡೆಯುತ್ತದೆ. ಮೂರನೆಯವರು ಬರೀ ಪ್ರೇಕ್ಷಕರು. ಒಂದೇ ಕಾಲೇಜಿನ ಮೂವರು ಸೇರಿ, ತಮ್ಮ ತಮ್ಮ ಲ್ಯಾಪ್‌ಟಾಪ್ ತಂದು ಒಬ್ಬರನ್ನು ಗೊತ್ತು ಮಾಡಿಕೊಳ್ಳುವುದು ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಲಾಭದ ದಾರಿ.

ವರ್ಷದ ಫೀಸನ್ನು ಒಟ್ಟಿಗೆ ಕಟ್ಟಬೇಡಿ, ತಿಂಗಳ ಲೆಕ್ಕದಲ್ಲಿ ಯುಪಿಐ ಮೂಲಕವೇ ಕೊಡಿ, ದಾಖಲೆ ಇರುತ್ತದೆ. ದೊಡ್ಡ ಕೋಚಿಂಗ್ ಸೆಂಟರ್ ಪೂರ್ತಿ ಕಟ್ಟಿ ಎಂದರೆ, ಕೇಂದ್ರ ಶಿಕ್ಷಣ ಸಚಿವಾಲಯದ 2024ರ ಜನವರಿ ಮಾರ್ಗಸೂಚಿಯನ್ನು ನೆನಪಿಸಿ: ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಹಣವನ್ನು 10 ದಿನದೊಳಗೆ ಹಿಂದಿರುಗಿಸಬೇಕು ಎಂದು ಅದರಲ್ಲಿದೆ. 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳಿಗೆ ಆ ಮಾತು, ಮನೆಪಾಠಕ್ಕಲ್ಲ. ಮನೆಪಾಠದವರ ಜೊತೆ ವಾಟ್ಸಾಪ್‌ನಲ್ಲಿ ನಾಲ್ಕು ಸಾಲು ಬರೆದಿಟ್ಟುಕೊಳ್ಳಿ: ಯಾವ ದಿನ, ಎಷ್ಟು ಹೊತ್ತು, ತಪ್ಪಿದ ತರಗತಿಗೆ ಏನು, ಯಾವ ಅಧ್ಯಾಯ ಎಂದಿಗೆ.

ಹದಿನಾರರ ಮಕ್ಕಳು, ಪಾಠ ಹಾಲ್‌ನಲ್ಲಿ ನಡೆಯಲಿ, ಬಾಗಿಲು ತೆರೆದಿರಲಿ. ಹರಿಹರದಿಂದ ಅಥವಾ ಹಳ್ಳಿಗಳಿಂದ ಬಸ್ಸಿನಲ್ಲಿ ಓಡಾಡುವವರು ಸಂಜೆ ಏಳರ ಬ್ಯಾಚಿಗೆ ಸೇರುವ ಮುಂಚೆ ಕೊನೆಯ ಬಸ್ ಎಷ್ಟೊತ್ತಿಗೆ ಎಂದು ನೋಡಿಕೊಳ್ಳಿ. ಅಂಥವರಿಗೆ ಆನ್‌ಲೈನ್ ವಾಸಿ. ಆದರೆ ಆನ್‌ಲೈನ್ ತರಗತಿಯಲ್ಲಿ ಸ್ಕ್ರೀನ್ ಶೇರ್ ಮಾಡಬೇಕಾದವರು ಮಗು, ಮೇಷ್ಟ್ರಲ್ಲ. ಮೇಷ್ಟ್ರ ತೆರೆಯನ್ನೇ ಗಂಟೆಗಟ್ಟಲೆ ನೋಡುವುದಾದರೆ ಅದು ಟಿವಿ.

ಐದನೇ ಹೆಜ್ಜೆ: ಮನೆಯಲ್ಲಿ ಇರಬೇಕಾದದ್ದು

ಹೊಸ ಲ್ಯಾಪ್‌ಟಾಪ್ ಬೇಕಿಲ್ಲ. 4 ಜಿಬಿ ರ್‍ಯಾಮ್‌ನ ಹಳೆಯದರಲ್ಲೂ ಪೈಥಾನ್ ಮತ್ತು ಅದರ ಜೊತೆಗೇ ಬರುವ, ಪ್ರೋಗ್ರಾಂ ಬರೆದು ಓಡಿಸುವ ಐಡಲ್ ಆರಾಮಾಗಿ ಓಡುತ್ತವೆ, ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ಟೂ ಬೇಡ. ವಿಂಡೋಸ್ 7 ಇದ್ದರೆ ಪೈಥಾನ್ 3.8ನ್ನೇ ಹಾಕಿ, 3.9ರಿಂದಾಚೆಯವು ಅದರಲ್ಲಿ ಕೂರುವುದಿಲ್ಲ, "ಇನ್‌ಸ್ಟಾಲ್ ಆಗ್ತಿಲ್ಲ" ಎಂದು ಇಡೀ ವಾರ ಹಾಳಾಗುತ್ತದೆ. ಲ್ಯಾಪ್‌ಟಾಪೇ ಇಲ್ಲದಿದ್ದರೆ ಆಂಡ್ರಾಯ್ಡ್ ಫೋನಿನಲ್ಲಿ ಪೈಡ್ರಾಯ್ಡ್ 3 ಎಂಬ ಆ್ಯಪ್ ನಡೆಯುತ್ತದೆ, ಆದರೆ ಬೆರಳಲ್ಲಿ ಇಂಡೆಂಟೇಷನ್ ಹೊಡೆಯುವುದು ಶಿಕ್ಷೆ. ಒಟಿಜಿ ಕೇಬಲ್ ಹಾಕಿ ಯುಎಸ್‌ಬಿ ಕೀಬೋರ್ಡ್ ಜೋಡಿಸಿಕೊಡಿ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಆದರೆ ಹತ್ತು ಸಾಲಿಗೊಮ್ಮೆ ಸೇವ್ ಮಾಡುವ ಅಭ್ಯಾಸವಾಗಲಿ, ಕರೆಂಟು ಹೇಳಿ ಹೋಗುವುದಿಲ್ಲ.

ತಿಂಗಳಾದ ಮೇಲೆ

ನಾಲ್ಕು ವಾರ ಕಳೆದ ಮೇಲೆ ಮಗುವಿನ ಪ್ರೋಗ್ರಾಂ ಫೋಲ್ಡರ್ ತೆರೆಸಿ, ಫೈಲುಗಳನ್ನು ದಿನಾಂಕದ ಪ್ರಕಾರ ಜೋಡಿಸಿ ನೋಡಿ. ವಾರವಾರಕ್ಕೂ ಮೂರು ನಾಲ್ಕು ಫೈಲ್ ಇದ್ದರೆ ಕೆಲಸ ನಡೆದಿದೆ. ಒಂದೇ ದಿನ ಹತ್ತಿದ್ದರೆ ಅದು ಗೆಳೆಯನ ಪೆನ್‌ಡ್ರೈವ್‌ನಿಂದ ಬಂದದ್ದಿರಬಹುದು. ನಂತರ ನೋಟ್‌ಬುಕ್ ಮುಚ್ಚಿಸಿ, ಸಂಖ್ಯೆಯೊಂದರ ಅಂಕಿಗಳ ಮೊತ್ತ ಕಂಡುಹಿಡಿಯುವ ಪ್ರೋಗ್ರಾಂ ಬರೆಯಲು ಹೇಳಿ. ಬಂದರೆ, ಅದನ್ನೇ ಸಮ ಅಂಕಿಗಳನ್ನಷ್ಟೇ ಕೂಡುವಂತೆ ಬದಲಿಸಲು ಹೇಳಿ. 472ಕ್ಕೆ ಮೊದಲನೆಯದು 13, ಎರಡನೆಯದು 6 ತೋರಿಸಬೇಕು. ಮೊದಲನೆಯದು ಬಂದು ಎರಡನೆಯದು ಬರದಿದ್ದರೆ ಬಾಯಿಪಾಠ ನಡೆಯುತ್ತಿದೆ ಎಂದು ಮೇಷ್ಟ್ರಿಗೆ ನೇರವಾಗಿ ಹೇಳಿ, ಇನ್ನೆರಡು ವಾರ ಕೊಡಿ.

ಬದಲಿಸಲೇಬೇಕು ಎಂದಾದರೆ ಡಿಸೆಂಬರ್ ಒಳಗೆ ಬದಲಿಸಿ. ಪ್ರಾಕ್ಟಿಕಲ್ ಎದುರಿಗಿಟ್ಟುಕೊಂಡು ಹೊಸಬರನ್ನು ತಂದರೆ ಅವರು ಮೊದಲಿಂದ ಶುರು ಮಾಡುತ್ತಾರೆ, ಮಗು ಎರಡೂ ಕಡೆ ಕಳೆದುಕೊಳ್ಳುತ್ತದೆ. ಬಿಡುವ ದಿನ ಹಳೆಯ ಮೇಷ್ಟ್ರ ಬಳಿ ಇರುವ ಲ್ಯಾಬ್ ರೆಕಾರ್ಡ್, ಪೆನ್‌ಡ್ರೈವ್ ವಾಪಸ್ ತೆಗೆದುಕೊಳ್ಳಿ, ಮತ್ತು ಯಾವ ಅಧ್ಯಾಯದ ಯಾವ ಪ್ರೋಗ್ರಾಂವರೆಗೆ ಆಗಿದೆ ಎಂದು ಅವರಿಂದಲೇ ಒಂದು ಚೀಟಿ ಬರೆಸಿಕೊಂಡು ಹೊಸಬರ ಕೈಗೆ ಕೊಡಿ.